ಮಾತ್ರೆ ಹಾಗೇ ಹೊರಗೆ ಬಂದಿದೆ, ಏನು ಮಾಡಲಿ?

ಎಡಿಸನ್ ಅಮ್ಮ:
ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಎಡಿಸನ್ ಊರಿನಲ್ಲಿದ್ದೇವೆ. ಮಗನಿಗೆ ಎಂಟು ವರ್ಷ. ಎಡಿಎಚ್‌ಡಿ (ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ) ಅಂತ ಹೇಳಿ ಡಾಕ್ಟರು ಕಾನ್ಸರ್ಟಾ 18 ಮಿ.ಗ್ರಾಂ ಶುರು ಮಾಡಿದ್ದಾರೆ. ಇವತ್ತು ಐದನೇ ದಿನ. ಬೆಳಿಗ್ಗೆ ಟಾಯ್ಲೆಟ್‌ನಿಂದ ಕೂಗಿದ. ಹೋಗಿ ನೋಡಿದರೆ ಮಾತ್ರೆ ಕರಗಿಯೇ ಇಲ್ಲ, ಇಡಿಯಾಗಿ ಬಂದಿದೆ! ಊರಿಂದ ಬಂದಿರುವ ಅತ್ತೆ "ನಾಳೆಯಿಂದ ಕುಟ್ಟಿ ಜೇನುತುಪ್ಪದಲ್ಲಿ ಕಲಸಿ ಕೊಡ್ತೀನಿ ಬಿಡು" ಅಂತಿದ್ದಾರೆ. ಕೊಡಬಹುದಾ? ಮಧ್ಯಾಹ್ನದ ಡಬ್ಬಿಯೂ ಮುಟ್ಟದೆ ವಾಪಸ್ ತರುತ್ತಾನೆ. ಡಿಸೆಂಬರ್‌ನಲ್ಲಿ ಆರು ವಾರ ಮೈಸೂರಿಗೆ ಹೋಗುತ್ತೇವೆ. ಅಲ್ಲಿಗೆ ಮಾತ್ರೆ ಹೇಗೆ ಒಯ್ಯುವುದು?

ಡಾಲಸ್ ದಾವಣಗೆರೆ:
ನೋಡವ್ವ ತಂಗಿ, ಎಂಟು ವರ್ಷದ ಹುಡುಗ ಓಡಾಡದೆ ಮುದುಕರ ಹಾಗೆ ಕೂರ್ತಾನಾ? ನನ್ನ ಮೂರೂ ಮಕ್ಕಳು ಇಲ್ಲೇ ಬೆಳೆದರು. ಒಂದು ಮಾತ್ರೆ ಕೊಡಲಿಲ್ಲ. ಐಪ್ಯಾಡ್ ಕಿತ್ತುಕೊಳ್ಳಿ, ಸಂಜೆ ಶ್ಲೋಕ ಹೇಳಿಸಿ.

ಫಾರ್ಮಸಿ ಅಕ್ಕ:
ಕುಟ್ಟಬೇಡಿ, ಜಗಿಯಲೂ ಬಿಡಬೇಡಿ. ಬಂದಿರುವುದು ಬರೀ ಚಿಪ್ಪು, ಔಷಧಿ ಮೈಗೆ ಇಳಿದಿದೆ. ಆ ಮಾತ್ರೆಯ ಒಂದು ತುದಿಯಲ್ಲಿ ಲೇಸರ್‌ನಿಂದ ಕೊರೆದ ಸಣ್ಣ ತೂತು ಇದೆ. ಮೇಲಿನ ಲೇಪದಲ್ಲಿರುವ ಸ್ವಲ್ಪ ಔಷಧಿ ಮೊದಲು ಕರಗುತ್ತದೆ. ಆಮೇಲೆ ಹೊಟ್ಟೆಯ ನೀರು ಒಳಗೆ ಹೋಗಿ, ತೂತಿನ ಎದುರು ತುದಿಯ ಪದರ ನೆನೆಸಿದ ಸಬ್ಬಕ್ಕಿ ಹಾಗೆ ಉಬ್ಬಿ, ಉಳಿದದ್ದನ್ನು ಆ ತೂತಿನಿಂದ ನಿಧಾನಕ್ಕೆ ತಳ್ಳುತ್ತದೆ. ಹೆಚ್ಚುಕಡಿಮೆ 12 ಗಂಟೆ. ಕುಟ್ಟಿದರೆ ಇಡೀ ದಿನದ್ದು ಒಟ್ಟಿಗೇ ಮೈಗೆ ಇಳಿಯುತ್ತದೆ. ಎಲ್ಲ ಜೆನೆರಿಕ್‌ಗಳಲ್ಲೂ (ಬೇರೆ ಕಂಪನಿಗಳು ಮಾಡುವ ಅದೇ ಔಷಧಿ) ಇದೇ ತಂತ್ರ ಇರುವುದಿಲ್ಲ, ಮಾತ್ರೆಯ ರೂಪ ಬದಲಾದರೆ ಕೇಳಿ.

ಹಸಿವು ಸತ್ತಂತೆ ಆಗುವುದು ಸಾಮಾನ್ಯ. ಮಾತ್ರೆಗೆ ಮುಂಚೆಯೇ ತುಪ್ಪ ಹಾಕಿದ ದೋಸೆಯೋ ಮೊಟ್ಟೆಯೋ ತಿನ್ನಿಸಿ. ರಾತ್ರಿ ಎಂಟಕ್ಕೆ ಹಸಿವು ಬಂದರೆ ಆಗಲೇ ಊಟ ಹಾಕಿ, ಹೊತ್ತು ನೋಡಬೇಡಿ. ತಡವಾಗಿ ಎದ್ದ ದಿನ ಹತ್ತು ಗಂಟೆಗೆ ಕೊಟ್ಟರೆ ರಾತ್ರಿ ನಿದ್ದೆ ಬಾರದಿರಬಹುದು. ತೂಕ, ಎತ್ತರ, ಬಿಪಿ, ನಾಡಿ ಡಾಕ್ಟರು ನೋಡುತ್ತಿರಬೇಕು. ಮನೆತನದಲ್ಲಿ ಹೃದಯದ ತೊಂದರೆ ಇದ್ದರೆ ಈಗಲೇ ಹೇಳಿ.

ಬ್ರಾಂಪ್ಟನ್ ಹಾಸನ:
ಬ್ರಾಹ್ಮಿ ಕೊಟ್ಟು ನೋಡಿ, ನಮ್ಮಜ್ಜಿ ಎಲ್ಲಾ ಮೊಮ್ಮಕ್ಕಳಿಗೂ ಕೊಡುತ್ತಿದ್ದರು. ಅಂದಹಾಗೆ ಎಡಿಸನ್‌ನಲ್ಲಿ ಒಳ್ಳೆ ಬ್ರಾಹ್ಮಿ ಎಲ್ಲಿ ಸಿಗುತ್ತೆ? ನನ್ನ ತಂಗಿ ಅಲ್ಲೇ ಇದ್ದಾಳೆ.

ಡಾಲಸ್ ದಾವಣಗೆರೆ:
ಮಗುವಿಗೆ ಸ್ಟಿಮ್ಯುಲೆಂಟ್, ಅಂದರೆ ಉತ್ತೇಜಕ! ಹೆಸರೇ ಹೇಳುತ್ತೆ. ಈ ದೇಶದವರಿಗೆ ಇದೊಂದು ಹೊಸ ಫ್ಯಾಷನ್. ನಮ್ಮ ಮೇಷ್ಟರು ಬೆತ್ತದಲ್ಲೇ ಗಮನ ತರಿಸುತ್ತಿದ್ದರು.

ಸನಿವೇಲ್ ಶಿವಮೊಗ್ಗ:
ಹೊಸದೇನಲ್ಲ ಸಾರ್. ಚಾರ್ಲ್ಸ್ ಬ್ರಾಡ್ಲಿ ಅನ್ನುವ ಡಾಕ್ಟರು 1937ರಲ್ಲೇ ಬೆಂಜೆಡ್ರಿನ್ ಅನ್ನುವ ಸ್ಟಿಮ್ಯುಲೆಂಟ್ ಕೊಟ್ಟು ಮಕ್ಕಳು ಶಾಂತವಾಗಿದ್ದನ್ನು ಬರೆದಿದ್ದಾರೆ. ಮತ್ತೆ ಬೆತ್ತದ ಮಾತು. ನಾನು ಕೈಯಲ್ಲಿ ಹೊಡೆಯಲಿಲ್ಲ, ಬಾಯಲ್ಲಿ ಹೊಡೆದೆ. ಸೋಮಾರಿ ಸೋಮಾರಿ ಅಂತ ಹತ್ತು ವರ್ಷ. ಮಗನಿಗೆ ಎಡಿಎಚ್‌ಡಿ ಅಂತ ಗೊತ್ತಾಗಿದ್ದು ಕಾಲೇಜಿಗೆ ಹೋದಮೇಲೆ, ಅದೂ ಅವನೇ ಹೋಗಿ ತೋರಿಸಿಕೊಂಡ. ಈಗ ಫೋನ್ ಮಾಡಿದರೆ ಅಮ್ಮನ ಹತ್ತಿರ ಮಾತ್ರ ಮಾತಾಡುತ್ತಾನೆ.

ಡಾಲಸ್ ದಾವಣಗೆರೆ:
ನಿಮ್ಮ ಮನೆ ಕಥೆ ಬೇರೆ. ನನ್ನ ದೊಡ್ಡವಳು ಈಗ ಡಾಕ್ಟರಾಗಿ ರೆಸಿಡೆನ್ಸಿ ತರಬೇತಿ ಮಾಡುತ್ತಿದ್ದಾಳೆ. ಶಿಸ್ತು ಅಷ್ಟೇ.

ಬ್ರಾಂಪ್ಟನ್ ಹಾಸನ:
ಯಾವ ಸ್ಪೆಷಾಲಿಟಿ ಅಣ್ಣ? ನನ್ನ ಮಗಳೂ ಮೆಡಿಸಿನ್ ಅಂತಿದ್ದಾಳೆ.

ಎಡಿಸನ್ ಅಮ್ಮ:
ಫಾರ್ಮಸಿ ಅಕ್ಕ, ತುಂಬಾ ಥ್ಯಾಂಕ್ಸ್. ಕುಟ್ಟಾಣಿ ಎತ್ತಿಟ್ಟಿದ್ದೇನೆ. ಅತ್ತೆ ಸ್ವಲ್ಪ ಮುನಿಸಿಕೊಂಡಿದ್ದಾರೆ. ಮೈಸೂರಿನ ವಿಷಯ ಯಾರಾದರೂ ಹೇಳ್ತೀರಾ?

ಫಾರ್ಮಸಿ ಅಕ್ಕ:
ಅಮೆರಿಕದಲ್ಲಿ ಇದಕ್ಕೆ ರೀಫಿಲ್ ಇಲ್ಲ, ಪ್ರತಿ ಸಲ ಹೊಸ ಚೀಟಿ ಬೇಕು. ಆರು ವಾರಕ್ಕೆ ಸಾಕಾಗುವಂತೆ ಡಾಕ್ಟರ್ ಹತ್ತಿರ, ಇನ್ಶೂರೆನ್ಸ್ ಹತ್ತಿರ ಈಗಲೇ ಮಾತಾಡಿ. ಕಾನ್ಸರ್ಟಾದಲ್ಲಿರುವ ಔಷಧಿ ಮೀಥೈಲ್‌ಫೆನಿಡೇಟ್ ಭಾರತದಲ್ಲಿ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ ಕೆಳಗೆ ಬರುತ್ತದೆ. ಬೇರೆ ಡಬ್ಬಿಗೆ ಸುರಿಯಬೇಡಿ. ಲೇಬಲ್ ಇರುವ ಬಾಟಲಿ, ಚೀಟಿಯ ಪ್ರತಿ, ಡಾಕ್ಟರ ಪತ್ರ ಮೂರೂ ಕೈಚೀಲದಲ್ಲಿರಲಿ. ಹೊರಡುವ ಮೊದಲು ಭಾರತದ ಕಾನ್ಸುಲೇಟ್‌ನಲ್ಲೂ ಒಮ್ಮೆ ಕೇಳಿ.

ಡಾಲಸ್ ದಾವಣಗೆರೆ:
ಮೈಸೂರಿಗೆ ಹೋದಾಗ ಆರು ವಾರ ನಿಲ್ಲಿಸಿ ನೋಡವ್ವ, ಅಜ್ಜಿ ಮನೆ ಗಾಳಿಗೆ ತಾನೇ ಸರಿಹೋಗ್ತಾನೆ.

ಎಡಿಸನ್ ಅಮ್ಮ:
ಡಾಕ್ಟರಿಗೆ ಸೋಮವಾರ ಫೋನ್ ಮಾಡುತ್ತೇನೆ, ಅಣ್ಣ.