ಹೆಡ್‌ಬ್ಯಾಂಡ್ ಅಂಚು ಸುರುಳಿ ಸುತ್ತುತ್ತಿದೆ, ಇಸ್ತ್ರಿ ಮಾಡಿದ ಮೇಲೆ ಸಡಿಲವೂ ಆಯಿತು. ಬಿಚ್ಚಲೇಬೇಕಾ?

ಉಲ್ಲನ್ ಉಂಡೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗಳಿಗೆ ಕಿವಿ ಮುಚ್ಚುವ ಹೆಡ್‌ಬ್ಯಾಂಡ್ ಹೆಣೆದಿದ್ದೇನೆ, ಸರಿ ಬರುತ್ತಿಲ್ಲ. ಅವಳು ಇನ್ನೂ ಕತ್ತಲಿರುವಾಗಲೇ ಕುಂದುವಾಡ ಕೆರೆ ಕಡೆ ಓಡಲು ಹೋಗುತ್ತಾಳೆ. ಡಿಸೆಂಬರ್‌ನಲ್ಲಿ ಆ ನೀರಿನ ಮೇಲಿಂದ ಬರುವ ಥಂಡಿ ಗಾಳಿ ನೇರ ಕಿವಿಗೇ ಹೊಡೆಯುತ್ತದೆ, ಮಂಕಿ ಕ್ಯಾಪ್ ಹಾಕಿಕೋ ಅಂದರೆ ಸುತಾರಾಂ ಒಪ್ಪುವುದಿಲ್ಲ. ಬೆಚ್ಚಗೂ ಇರಬೇಕು, ನೋಡೋಕೂ ಚೆನ್ನಾಗಿರಬೇಕು, ಪಕ್ಕದಲ್ಲಿ ಒಂದು ಹೂವು ಬೇಕು ಅಂದಳು.

ನಾಲ್ಕು ಎಳೆಯ ಅಕ್ರಿಲಿಕ್ ಉಲ್ಲನ್, ಮಂಡಿಪೇಟೆಯಲ್ಲಿ ತಗೊಂಡದ್ದು. 8ನೇ ನಂಬರ್ ಕಡ್ಡಿ. ಅಮೆರಿಕದವರ ಒಂದು ವಿಡಿಯೋ ನೋಡಿ 20 ಸ್ಟಿಚ್ ಹಾಕಿ, ಒಂದು ಸಾಲು ನಿಟ್ (ಸೀದಾ) ಒಂದು ಸಾಲು ಪರ್ಲ್ (ಉಲ್ಟಾ) ಅಂತ ಉದ್ದಕ್ಕೆ ಹೆಣೆದೆ. ಹುಡುಗಿಯ ತಲೆ ಸುತ್ತಳತೆ 54 ಸೆಂ.ಮೀ. ಪಟ್ಟಿಯನ್ನೂ ಅಷ್ಟಕ್ಕೇ ನಿಲ್ಲಿಸಿ ಎರಡು ತುದಿ ಸೇರಿಸಿ ಹೊಲಿದೆ.

ಉದ್ದದ ಎರಡೂ ಅಂಚು ಒಳಕ್ಕೆ ಸುತ್ತಿಕೊಂಡವು. ವಿಡಿಯೋದಲ್ಲಿ ಅಷ್ಟು ಅಗಲ ಕಾಣುತ್ತಿದ್ದದ್ದು ನನ್ನ ಕೈಯಲ್ಲಿ ಎರಡು ಬೆರಳು ದಪ್ಪದ ಕೊಳವೆ ಆಗಿದೆ, ಅರ್ಧ ಕಿವಿಯೂ ಮುಚ್ಚುವುದಿಲ್ಲ. ಅಂಚು ಕೂರಲಿ ಅಂತ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದೆ. ಅಂಚೇನೋ ಚಪ್ಪಟೆ ಆಯಿತು. ಆದರೆ ಪಟ್ಟಿ ಉದ್ದವಾಗಿ ಜೋತು ಬಿದ್ದಿದೆ, ಹಾಕಿಕೊಂಡು ನಾಲ್ಕು ಹೆಜ್ಜೆ ಓಡಿದರೆ ಕಣ್ಣಿನ ಮೇಲೆ ಇಳಿಯುತ್ತದೆ. ಎಳೆದು ಬಿಟ್ಟರೆ ವಾಪಸ್ ಬರುವುದೇ ಇಲ್ಲ. ಉಲ್ಲನ್ ಕಳಪೆಯಾ? ಪೂರ್ತಿ ಬಿಚ್ಚಬೇಕಾ, ಅಥವಾ ಹೇಗಾದರೂ ಉಳಿಸಬಹುದಾ?

ಹರಿಹರದ ಸೊಸೆ

ಬಿಚ್ಚೋದು ಯಾಕೆ ಅಕ್ಕ, ಹಿಂದುಗಡೆ ಒಂದು ಗೇಣು ಎಲಾಸ್ಟಿಕ್ ಸೇರಿಸಿಬಿಡಿ. ಕೂದಲ ಕೆಳಗೆ ಹೋಗುತ್ತದೆ, ಯಾರಿಗೂ ಕಾಣಿಸಲ್ಲ. ನಾನು ರೆಡಿಮೇಡ್ ಬ್ಯಾಂಡ್ ಸಡಿಲ ಆದಾಗಲೆಲ್ಲ ಹಾಗೇ ಮಾಡೋದು.

ಕೋಟೆ ಪಕ್ಕದ ಮನೆ, ಚಿತ್ರದುರ್ಗ

ಉಲ್ಲನ್‌ದು ಏನೂ ತಪ್ಪಿಲ್ಲ. ನಿಮಗೆ ಮೂರು ಬೇರೆ ಬೇರೆ ತೊಂದರೆ ಒಟ್ಟಿಗೆ ಬಂದಿವೆ. ಅದಕ್ಕೇ ಒಂದನ್ನು ಸರಿ ಮಾಡಲು ಹೋದರೆ ಇನ್ನೊಂದು ಕೆಡುತ್ತಿದೆ.

ಅಂಚಿನ ವಿಷಯ ಮೊದಲು. ಒಂದು ಸಾಲು ನಿಟ್, ಒಂದು ಸಾಲು ಪರ್ಲ್ ಹೆಣೆದರೆ ಮುಂಭಾಗದಲ್ಲಿ ಎಲ್ಲ ಸ್ಟಿಚ್ಚಿನ ಕಾಲುಗಳೂ, ಹಿಂಭಾಗದಲ್ಲಿ ಎಲ್ಲ ಸ್ಟಿಚ್ಚಿನ ಉಬ್ಬುಗಳೂ ಬರುತ್ತವೆ. ಎರಡು ಕಡೆಯ ಎಳೆತ ಸಮ ಇರುವುದಿಲ್ಲ. ಹಾಗಾಗಿ ಪಕ್ಕದ ಅಂಚು ಹಿಂದಕ್ಕೆ ಸುತ್ತುತ್ತದೆ, ಮೇಲಿನ ಮತ್ತು ಕೆಳಗಿನ ಅಂಚು ಮುಂದಕ್ಕೆ ಮಗುಚುತ್ತದೆ. ಇದು ಆ ಹೆಣಿಗೆಯ ಗುಣ, ಎಷ್ಟೇ ದುಬಾರಿ ಉಣ್ಣೆ ತಂದರೂ ಹೀಗೇ. ಸ್ವೆಟರ್‌ನಲ್ಲಿ ಗೊತ್ತಾಗುವುದಿಲ್ಲ ಯಾಕೆಂದರೆ ಅಲ್ಲಿ ಪಕ್ಕಗಳನ್ನು ಹೊಲಿದಿರುತ್ತೇವೆ, ಕೆಳಗೆ ಬಾರ್ಡರ್ ಇರುತ್ತದೆ. ಹೆಡ್‌ಬ್ಯಾಂಡ್‌ನಲ್ಲಿ ಎರಡು ಉದ್ದದ ಅಂಚೂ ಬಯಲಲ್ಲಿ ಬಿದ್ದಿರುತ್ತವೆ, ಅಲ್ವಾ. ಅಲ್ಲಿ ನಿಟ್ ಮತ್ತು ಪರ್ಲ್ ಎರಡೂ ಕಡೆ ಹಂಚಿಹೋಗುವ ಹೆಣಿಗೆ ಬೇಕು. ಒಂದೇ ಸಾಲಿನಲ್ಲಿ ನಿಟ್, ಪರ್ಲ್ ಒಂದಾದ ಮೇಲೊಂದು ಬರುವ ರಿಬ್ ಆಗಬಹುದು, ಎಲ್ಲ ಸಾಲೂ ಬರೀ ನಿಟ್ ಹಾಕುವ ಗಾರ್ಟರ್ ಆಗಬಹುದು.

ಅಗಲ ಕಮ್ಮಿ ಬಂದದ್ದಕ್ಕೆ ಕಡ್ಡಿ ನಂಬರ್ ಕಾರಣ. ಇದು ಎಷ್ಟು ಜನರಿಗೆ ಕಾಡುತ್ತದೋ. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಯ ಮೇಲಿರುವುದು ಹಳೇ ಇಂಗ್ಲೆಂಡಿನ ನಂಬರ್. ಅದರಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ: 8 ಅಂದರೆ 4 ಎಂ.ಎಂ., 10 ಅಂದರೆ 3.25 ಎಂ.ಎಂ. ಅಮೆರಿಕದ ಲೆಕ್ಕ ಪೂರ್ತಿ ಉಲ್ಟಾ, ಅಲ್ಲಿ ನಂಬರ್ ಏರಿದಂತೆ ಕಡ್ಡಿ ದಪ್ಪ, ಅವರ 8 ಅಂದರೆ 5 ಎಂ.ಎಂ. ವಿಡಿಯೋದವರು ದಪ್ಪ ಕಡ್ಡಿಯಲ್ಲಿ, ಬಹುಶಃ ದಪ್ಪ ಉಣ್ಣೆಯಲ್ಲೇ 20 ಸ್ಟಿಚ್ ಹಾಕಿರುತ್ತಾರೆ. ನಿಮ್ಮ 20 ಸ್ಟಿಚ್ ಹರಡಿ ಹಿಡಿದರೂ 9 ಸೆಂ.ಮೀ. ದಾಟುವುದು ಕಷ್ಟ, ಅದರಲ್ಲೂ ಅಂಚು ಸುತ್ತಿಕೊಂಡ ಮೇಲೆ ಇನ್ನೇನು ಉಳಿಯುತ್ತದೆ? ಇನ್ನು ಮುಂದೆ ನಂಬರ್ ನೋಡಲೇಬೇಡಿ, ಎಂ.ಎಂ. ಮಾತ್ರ ನೋಡಿ.

ಮೂರನೆಯದು ಇಸ್ತ್ರಿ. ಅಕ್ರಿಲಿಕ್ ಅಂದರೆ ಪ್ಲಾಸ್ಟಿಕ್ಕಿನ ಜಾತಿಯ ದಾರ. ಕುರಿ ಉಣ್ಣೆಯನ್ನು ಒದ್ದೆ ಮಾಡಿ, ಬೇಕಾದ ಆಕಾರಕ್ಕೆ ಹರಡಿ ಒಣಗಿಸಿದರೆ ಹಾಗೇ ಕೂರುತ್ತದೆ, ಮತ್ತೆ ಒದ್ದೆ ಮಾಡಿದರೆ ಮತ್ತೆ ಚೇತರಿಸಿಕೊಳ್ಳುತ್ತದೆ. ಅಕ್ರಿಲಿಕ್‌ಗೆ ಬಿಸಿ ಹಬೆ ತಾಗಿದರೆ ಎಳೆಯ ಒಳಗಿನ ಸುರುಳಿ ಸಡಿಲಿಸಿ ಹೋಗುತ್ತದೆ, ತಣ್ಣಗಾದ ಮೇಲೆ ಹಾಗೇ ಉಳಿದುಬಿಡುತ್ತದೆ. ತೊಳೆದರೂ ಬರುವುದಿಲ್ಲ, ಮುದುರಿಟ್ಟರೂ ಬರುವುದಿಲ್ಲ. ಇಸ್ತ್ರಿ ಒತ್ತಿದ ಆ ಪಟ್ಟಿ ಹೆಡ್‌ಬ್ಯಾಂಡ್ ಆಗಿ ಇನ್ನು ನಡೆಯದು.

ಎಲಾಸ್ಟಿಕ್ ಹಾಕಿದರೆ ಜಾರುವುದು ನಿಲ್ಲುತ್ತದೆ, ನಿಜ. ರೆಡಿಮೇಡ್ ಬ್ಯಾಂಡ್‌ಗೆ ಅದು ಒಳ್ಳೆ ಉಪಾಯವೇ. ಆದರೆ ಇಲ್ಲಿ ಕಿವಿ ಹತ್ತಿರದ ಭಾಗವೇ ಸೊರಗಿದೆ, ಹಿಂದೆ ಬಿಗಿದರೂ ಮುಂದೆ ಅದು ಕಿವಿಗೆ ಅಂಟಿ ಕೂರಲ್ಲ, ಸಂದಿನಲ್ಲಿ ಗಾಳಿ ನುಗ್ಗುತ್ತದೆ. ಬೆಚ್ಚಗಿರಲಿ ಅಂತಲೇ ತಾನೇ ಹೆಣೆಯುತ್ತಿರುವುದು. ಹೊಸ ಉಂಡೆ ತಗೊಂಡು ಹೊಸದಾಗಿ ಹಾಕಿ. ಹಳೇ ಪಟ್ಟಿಯನ್ನು ಮಾತ್ರ ಎಸೆಯಬೇಡಿ, ಅದಕ್ಕೆ ಕೆಲಸ ಇದೆ, ಆಮೇಲೆ ಹೇಳುತ್ತೇನೆ.

ಉಲ್ಲನ್ ಉಂಡೆ, ದಾವಣಗೆರೆ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಅದೇ ಬಣ್ಣದ ಇನ್ನೊಂದು ಉಂಡೆ ಇದೆ, ಇವತ್ತೇ ಶುರು ಮಾಡುತ್ತೇನೆ. ಆದರೆ ಎಷ್ಟು ಸ್ಟಿಚ್ ಹಾಕಲಿ? 5 ಎಂ.ಎಂ. ಕಡ್ಡಿ ತರಬೇಕಾ? ಸುಮ್ನೆ ರಿಬ್ ಹಾಕಿದರೆ ತುಂಬಾ ಸಾದಾ ಕಾಣುತ್ತದೇನೋ. ಜಡೆ ಡಿಸೈನ್ ಬರುತ್ತದಾ ಇದರಲ್ಲಿ?

ಕೋಟೆ ಪಕ್ಕದ ಮನೆ, ಚಿತ್ರದುರ್ಗ

ಹೊಸ ಕಡ್ಡಿ ಬೇಡ. ನಿಮ್ಮ ಉಲ್ಲನ್‌ಗೆ 4 ಎಂ.ಎಂ. ಸರಿಯಾಗಿದೆ. ದಪ್ಪ ಕಡ್ಡಿಗೆ ಹೋದರೆ ಸಂದು ಜಾಸ್ತಿ, ಗಾಳಿ ಆಡುತ್ತದೆ.

23 ಸ್ಟಿಚ್ ಹಾಕಿ. ಎರಡು ಅಂಚಿಗೆ 4-4 ಗಾರ್ಟರ್, ಅದರ ಒಳಗೆ 3-3 ಪರ್ಲ್, ನಡುವೆ 9 ಸ್ಟಿಚ್ಚಿನ ಜಡೆ. ಮುಂಭಾಗದ ಸಾಲು: 4 ನಿಟ್, 3 ಪರ್ಲ್, 9 ನಿಟ್, 3 ಪರ್ಲ್, 4 ನಿಟ್. ಹಿಂಭಾಗದ ಸಾಲು ಇನ್ನೂ ಸುಲಭ: 7 ನಿಟ್, 9 ಪರ್ಲ್, 7 ನಿಟ್. ಅಂಚಿನ ನಾಲ್ಕು ಸ್ಟಿಚ್ ಮುಂದೆ ಬಂದರೂ ಹಿಂದೆ ಬಂದರೂ ನಿಟ್ಟೇ, ಅದರಿಂದಲೇ ಸುತ್ತಿಕೊಳ್ಳುವುದು ನಿಲ್ಲುವುದು.

ಜಡೆ ಹೀಗೆ. 1ನೇ ಸಾಲಿನಲ್ಲಿ ನಡುವಿನ 9ರ ಪೈಕಿ ಮೊದಲ 3 ಸ್ಟಿಚ್ಚನ್ನು ಕೇಬಲ್ ಕಡ್ಡಿಗೆ (ಸ್ಟಿಚ್ ಸ್ವಲ್ಪ ಹೊತ್ತು ಹಿಡಿದಿಡುವ ಚಿಕ್ಕ ಕಡ್ಡಿ) ತೆಗೆದು ಮುಂದೆ ಬಿಡಿ, ಮುಂದಿನ 3 ನಿಟ್ ಮಾಡಿ, ಆಮೇಲೆ ಬಿಟ್ಟಿದ್ದ 3 ನಿಟ್, ಕೊನೆಯ 3 ಹಾಗೇ ನಿಟ್. 5ನೇ ಸಾಲಿನಲ್ಲಿ ಮೊದಲ 3 ಹಾಗೇ ನಿಟ್, ನಡುವಿನ 3 ತೆಗೆದು ಈ ಸಲ ಹಿಂದೆ ಬಿಡಿ, ಕೊನೆಯ 3 ನಿಟ್ ಮಾಡಿ, ಆಮೇಲೆ ಹಿಂದೆ ಬಿಟ್ಟದ್ದು. 3 ಮತ್ತು 7ನೇ ಸಾಲಿನಲ್ಲಿ ಏನೂ ದಾಟಿಸಬೇಡಿ. 8 ಸಾಲಿಗೆ ಒಂದು ಸುತ್ತು, ಮತ್ತೆ 1ರಿಂದ. ಕೇಬಲ್ ಕಡ್ಡಿ ಇಲ್ಲದಿದ್ದರೆ ದೊಡ್ಡ ಸೇಫ್ಟಿ ಪಿನ್ ಸಾಕು.

ಒಂದು ಗಮನ ಇರಲಿ. ಸ್ಟಿಚ್ ಒಂದರ ಮೇಲೊಂದು ದಾಟಿದಾಗ ಪಟ್ಟಿ ಅಗಲದಲ್ಲಿ ಒಳಕ್ಕೆ ಎಳೆದುಕೊಳ್ಳುತ್ತದೆ. ಅದನ್ನು ಲೆಕ್ಕ ಹಿಡಿದೇ 23 ಹೇಳಿದ್ದು. ಮುಗಿದಾಗ ಸುಮಾರು 9 ಸೆಂ.ಮೀ. ಬರಬೇಕು, ಕಿವಿ ಪೂರ್ತಿ ಮುಚ್ಚಲು ಅಷ್ಟು ಸಾಕು. ಆದರೆ ಒಬ್ಬೊಬ್ಬರ ಕೈ ಬಿಗಿ ಒಂದೊಂದು ಥರ. ಎರಡು ಸುತ್ತು ಜಡೆ ಆದ ಮೇಲೆ ಟೇಪ್ ಹಿಡಿದು ನೋಡಿ. 8ಕ್ಕಿಂತ ಕಮ್ಮಿ ಇದ್ದರೆ ಎರಡು ಅಂಚಿಗೂ ಒಂದೊಂದು ಸ್ಟಿಚ್ ಸೇರಿಸಿ ಮತ್ತೆ ಶುರು ಮಾಡಿ. ಆಗ ಬಿಚ್ಚಿದರೆ ಹೋಗುವುದು ಅರ್ಧ ಗಂಟೆ ಕೆಲಸ ಅಷ್ಟೇ.

ಉದ್ದ ತಲೆಯಷ್ಟೇ ಇಡಬೇಡಿ, ಇದು ಬಹಳ ಮುಖ್ಯ. ಹೆಡ್‌ಬ್ಯಾಂಡ್ ತಲೆಗಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಚಿಕ್ಕದಿರಬೇಕು. ಹಿಗ್ಗಿ ಕೂತಾಗಲೇ ಅದು ಹಿಡಿದುಕೊಳ್ಳುವುದು. 54ರ ತಲೆಗೆ 48ರಿಂದ 49 ಸೆಂ.ಮೀ. ಸಾಕು. ಮುಗಿಸುವ ಮೊದಲು, ಸ್ಟಿಚ್ ಕಡ್ಡಿಯಲ್ಲಿ ಇರುವಾಗಲೇ ಹುಡುಗಿಯ ತಲೆಗೆ ಸುತ್ತಿ ನೋಡಿ, ತುಸು ಎಳೆದರೆ ತುದಿಗಳು ಸೇರುವಂತಿರಬೇಕು.

ಚಳ್ಳಕೆರೆ ಕಡೆಯವ

ನಡುವೆ ಬಂದೆ, ಕ್ಷಮಿಸಿ. ಬೆಚ್ಚಗೆ ಬೇಕು ಅಂದರೆ ನಮ್ಮ ಕಡೆ ಕಂಬಳಿ ನೂಲು ಇದೆಯಲ್ಲ, ಅಪ್ಪಟ ಕುರಿ ಉಣ್ಣೆ. ಅದರಲ್ಲಿ ಹೆಣೆದರೆ ಈ ಅಕ್ರಿಲಿಕ್ ಗೋಳೇ ಇರುವುದಿಲ್ಲ, ಅಲ್ವಾ?

ಕೋಟೆ ಪಕ್ಕದ ಮನೆ, ಚಿತ್ರದುರ್ಗ

ಕಂಬಳಿ ನೂಲಿನ ಮೇಲೆ ನನಗೂ ಬಹಳ ಪ್ರೀತಿ. ಚಳ್ಳಕೆರೆ ಕಂಬಳಿ ಹೊದ್ದು ಬೆಳೆದವರು ನಾವು. ಆದರೆ ಹಣೆಗೆ ಅದು ಬೇಡ. ನಮ್ಮ ದಖ್ಖನ್ ಕುರಿಯ ಉಣ್ಣೆ ಒರಟು. ಎಳೆ ದಪ್ಪ, ನಡುನಡುವೆ ಕೂದಲು ಬೆರೆತಿರುತ್ತದೆ. ನೂತದ್ದೂ ಒಂಟಿ ಎಳೆ. ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಹಾಸು ಎಳೆಗಳಿಗೆ ಹುಣಸೆ ಬೀಜದ ಗಂಜಿ ಬಳಿದು ಬಿಗಿ ಮಾಡುವುದು ಅದಕ್ಕೇ, ಇಲ್ಲದಿದ್ದರೆ ನೇಯುವಾಗ ಎಳೆ ಎದ್ದು ತುಂಡಾಗುತ್ತದೆ. ಹೊದಿಕೆಗೆ, ಹಾಸಿಗೆಗೆ, ಮಳೆಯಲ್ಲಿ ತಲೆ ಮೇಲೆ ಗೊಪ್ಪೆ ಹಾಕಿಕೊಳ್ಳಲು ಅದರಂಥದ್ದು ಇನ್ನೊಂದಿಲ್ಲ. ಬೆವರುವ ಹಣೆ ಮೇಲೆ ಬಿಗಿಯಾಗಿ ಕಟ್ಟಿದರೆ ಚುಚ್ಚುತ್ತದೆ, ಓಡುವ ಹುಡುಗಿ ಎರಡನೇ ದಿನ ಕಿತ್ತು ಹಾಕುತ್ತಾಳೆ. ಕುರಿ ಉಣ್ಣೆಯೇ ಬೇಕು ಅನ್ನುವವರು ಮೆರಿನೋ ತರಿಸಿಕೊಳ್ಳಿ. ಎಳೆ ತೆಳು, ಚುಚ್ಚುವುದು ಬಹಳ ಕಮ್ಮಿ, ಬೆಲೆ ಮಾತ್ರ ಜಾಸ್ತಿ.

ಅಕ್ರಿಲಿಕ್‌ನಲ್ಲೇ ಬೆಚ್ಚಗೆ ಮಾಡಲು ದಾರಿ ಇದೆ. ಕಿವಿ ಬರುವ ಎರಡು ಜಾಗಕ್ಕೆ ಮಾತ್ರ ಒಳಗಡೆ ಫ್ಲೀಸ್ ಬಟ್ಟೆಯ ತುಂಡು ಇಟ್ಟು ಸಡಿಲವಾಗಿ ಹೊಲಿಯಿರಿ, ಒಂದೊಂದು ಅಂಗೈ ಅಗಲ ಸಾಕು. ಪಟ್ಟಿ ಪೂರ್ತಿ ಅಸ್ತರಿ ಕೊಡಬೇಡಿ. ಬಟ್ಟೆ ಹಿಗ್ಗದಿದ್ದರೆ ಹೆಣಿಗೆಯೂ ಹಿಗ್ಗುವುದಿಲ್ಲ, ತಲೆಗೆ ಹತ್ತುವುದೇ ಇಲ್ಲ. ಜೋಗಿಮಟ್ಟಿ ಕಡೆ ಬೆಳಿಗ್ಗೆ ವಾಕಿಂಗ್ ಹೋಗುವವರಿಗೆ ನಾನು ಹೀಗೇ ಮಾಡಿಕೊಡುವುದು. ಗಾಳಿಯಂತ್ರ ನಿಲ್ಲಿಸಿರುವ ಗುಡ್ಡದ ಗಾಳಿ ಹೇಗಿರುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಉಲ್ಲನ್ ಉಂಡೆ, ದಾವಣಗೆರೆ

ಒಂದು ಗೇಣು ಹೆಣೆದೆ. ಜಡೆ ಎದ್ದು ಕಾಣುತ್ತಿದೆ, ನೋಡಿ ನೋಡಿ ಖುಷಿ ಆಗುತ್ತಿದೆ. ಅಂಚು ಸ್ವಲ್ಪವೂ ಸುತ್ತುತ್ತಿಲ್ಲ, ಅಗಲ 9 ಬಂದಿದೆ. ಒಂದೇ ಅನುಮಾನ. ಟೇಬಲ್ ಮೇಲೆ ಹಾಸಿದರೆ ಎರಡು ಅಂಚು ಉದ್ದದಲ್ಲಿ ತುಸು ಎಳೆದುಕೊಂಡು, ನಡುಭಾಗ ಬೋಗುಣಿಯ ಥರ ಉಬ್ಬಿ ನಿಲ್ಲುತ್ತದೆ. ಇದು ಸರಿಯಾ? ಹೂವಿನ ವಿಷಯವನ್ನೂ ಹೇಳಿಬಿಡಿ.

ಕೋಟೆ ಪಕ್ಕದ ಮನೆ, ಚಿತ್ರದುರ್ಗ

ಸರಿಯಾಗಿಯೇ ಇದೆ. ಗಾರ್ಟರ್ ಸಾಲುಗಳು ಒತ್ತೊತ್ತಾಗಿ ಕೂರುತ್ತವೆ, ಅಷ್ಟೇ ಸಾಲಿಗೆ ನಡುವಿನ ಜಡೆಗಿಂತ ಉದ್ದ ಕಮ್ಮಿ ಬರುತ್ತದೆ. ಮಫ್ಲರ್ ಆಗಿದ್ದರೆ ಇದು ದೋಷ ಅನ್ನುತ್ತಿದ್ದೆ. ತಲೆ ಗುಂಡಗಿರುವುದರಿಂದ ಇಲ್ಲಿ ಇದು ನಮಗೇ ಅನುಕೂಲ, ಅಂಚುಗಳು ಮೇಲೆ ಕೆಳಗೆ ಹಿಡಿದುಕೊಂಡು ನಡುಭಾಗ ಕಿವಿಯ ಮೇಲೆ ಕೂರುತ್ತದೆ. ಚಪ್ಪಟೆ ಮಾಡಲು ಹೋಗಬೇಡಿ, ಇಸ್ತ್ರಿ ಪೆಟ್ಟಿಗೆ ಹತ್ತಿರವೂ ತರಬೇಡಿ. ಮುಗಿದ ಮೇಲೆ ತಣ್ಣೀರಲ್ಲಿ ಅದ್ದಿ, ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹಾಸಿ ಒಣಗಿಸಿ. ಹಗ್ಗಕ್ಕೆ ನೇತು ಹಾಕಿದರೆ ನೀರಿನ ಭಾರಕ್ಕೆ ಉದ್ದ ಆಗುತ್ತದೆ.

ಹೂವಿಗೆ ಆ ಹಳೇ ಪಟ್ಟಿ ತೆಗೆಯಿರಿ. ಅದನ್ನು ಬಿಚ್ಚಿದ ದಾರಕ್ಕೆ ಈಗ ಪುಟಿಯುವ ಗುಣ ಹೋಗಿದೆ. ಹೂವಿನ ಎಸಳಿಗೆ ಅದೇ ಒಳ್ಳೆಯದು, ಮುದುರಿಕೊಳ್ಳದೆ ಹಾಸಿದ ಹಾಗೆ ಬೀಳುತ್ತದೆ. ಬಿಚ್ಚಿದ ದಾರ ವಂಕಿವಂಕಿಯಾಗಿ ಇದ್ದರೆ ಲಡಿ ಮಾಡಿ, ನಾಲ್ಕು ಕಡೆ ಸಡಿಲ ಗಂಟು ಹಾಕಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ನೇತು ಹಾಕಿ, ತಕ್ಕಮಟ್ಟಿಗೆ ನೆಟ್ಟಗಾಗುತ್ತದೆ. ಕ್ರೋಶಾ ಕಡ್ಡಿಯಲ್ಲಿ ಐದು ಎಸಳಿನ ಹೂವು ಸಾಕು, ಎರಡು ಪದರಕ್ಕಿಂತ ಬೇಡ. ಗಾಜಿನ ಮಣಿ, ದೊಡ್ಡ ಗುಂಡಿ ಬೇಡ. ಓಡುವಾಗ ಭಾರ ಎಗರಿ ಎಗರಿ ಆ ಕಡೆಯ ಸ್ಟಿಚ್ ಹಿಗ್ಗುತ್ತದೆ.

ಹೂವಿನ ಹಿಂದೆ ರೂಪಾಯಿ ನಾಣ್ಯದಗಲ ಫೆಲ್ಟ್ ಬಟ್ಟೆ ಇಟ್ಟು, ಪಟ್ಟಿಗೆ ಸೇರಿಸಿ ಹೊಲಿಯಿರಿ, ಎಳೆತವೆಲ್ಲ ಬಟ್ಟೆ ಮೇಲೆ ಹೋಗುತ್ತದೆ. ಜಾಗ ಮೊದಲೇ ಗುರುತು ಮಾಡಬೇಡಿ. ಅವಳು ಹಾಕಿಕೊಂಡ ಮೇಲೆ, ಕಿವಿಗಿಂತ ಎರಡು ಬೆರಳು ಮುಂದೆ ಪಿನ್ ಚುಚ್ಚಿ ನೋಡಿ.

ಹರಿಹರದ ಸೊಸೆ

ನಾನೂ ಹಾಕೋಕೆ ಶುರು ಮಾಡಿದೆ! ಎರಡು ತುದಿ ಸೇರಿಸುವಾಗ ದಪ್ಪ ಗೆರೆ ಬರುತ್ತದಲ್ಲ, ನಮ್ಮನೆಯವರು ಬೈಕ್ ಹೆಲ್ಮೆಟ್ ಕೆಳಗೆ ಹಾಕಿಕೊಳ್ಳೋದು, ಒತ್ತುತ್ತದೇನೋ.

ಕೋಟೆ ಪಕ್ಕದ ಮನೆ, ಚಿತ್ರದುರ್ಗ

ಒಂದರ ಮೇಲೊಂದು ಇಟ್ಟು ಹೊಲಿದರೆ ಖಂಡಿತ ಒತ್ತುತ್ತದೆ. ತುದಿಗೆ ತುದಿ ಎದುರುಬದುರು ಹಾಸಿ, ಒಂದು ಕಡೆಯ ಸ್ಟಿಚ್, ಇನ್ನೊಂದು ಕಡೆಯ ಸ್ಟಿಚ್ ಅಂತ ಸೂಜಿ ಆಡಿಸಿಕೊಂಡು ಹೋಗಿ. ಮೂರು ನಾಲ್ಕು ಸ್ಟಿಚ್ ಆದ ಮೇಲೆ ದಾರ ಮೆಲ್ಲಗೆ ಎಳೆದರೆ ಎರಡೂ ಮುಚ್ಚಿಕೊಳ್ಳುತ್ತವೆ, ಜಾಸ್ತಿ ಬಿಗಿಯಬೇಡಿ. ಸ್ಟಿಚ್ ಹಾಕುವಾಗಲೇ ಮೊದಲ ತುದಿಯ ದಾರ ಒಂದು ಮೊಳ ಬಿಟ್ಟಿದ್ದರೆ ಅದರಲ್ಲೇ ಹೊಲಿಯಬಹುದು, ಬೇರೆ ದಾರ ತಂದು ಗಂಟು ಹಾಕುವುದು ತಪ್ಪುತ್ತದೆ. ಹೆಲ್ಮೆಟ್ ಕೆಳಗೆ ಹಾಕುವುದಾದರೆ ಜಡೆ ಬಿಟ್ಟು ಬರೀ ರಿಬ್ ಹಾಕಿ, ಹೂವು ಫ್ಲೀಸ್ ಯಾವುದೂ ಬೇಡ. ಪಟ್ಟಿ ತೆಳ್ಳಗಿದ್ದು ಹೆಲ್ಮೆಟ್ ಮೊದಲಿನ ಹಾಗೇ ಬಿಗಿಯಾಗಿ ಕೂರಬೇಕು.