ಪ್ರಯಾಣದ ಸಣ್ಣ ಕ್ಷಣಗಳು ಮನಸ್ಸಿನಲ್ಲಿ ಉಳಿಯಲು ನೀವೇನು ಮಾಡಿದಿರಿ? ಅನುಭವ ತಿಳಿಸಿ

ಇಂದ್ರಾಳಿಯ ಓದುಗ: ರಜೆ ಸಿಕ್ಕಾಗಲೆಲ್ಲ ಊರೂರು ಸುತ್ತುತ್ತೇನೆ. ನೋಡಬೇಕಾದುದನ್ನೆಲ್ಲ ನೋಡಿ ಬಂದರೂ ಒಳಗೆ ಏನೂ ಉಳಿಯುವುದಿಲ್ಲ. ದಾರಿಯ ಸಾಮಾನ್ಯ ಸಂಗತಿಗಳಲ್ಲೇ ಸ್ಫೂರ್ತಿ ಕಂಡವರು ಉಡುಪಿ, ಮಂಗಳೂರಿನಲ್ಲಿ ಅನೇಕರಿದ್ದೀರಿ. ಡಿಸೆಂಬರಿನಲ್ಲಿ ಎಪ್ಪತ್ತು ದಾಟಿದ ಅಮ್ಮನೊಡನೆ ಹಂಪಿಗೆ ಹೊರಟಿದ್ದೇನೆ. ಕ್ಯಾಮೆರಾ ಕೊಳ್ಳಲೇ, ಡೈರಿ ಬರೆಯಲೇ, ದಯವಿಟ್ಟು ತಿಳಿಸಿ.

ಬಂದರಿನ ಛಾಯಾಗ್ರಾಹಕ: ಕ್ಯಾಮೆರಾ ಕೊಳ್ಳಿ. 50 ಮಿಲಿಮೀಟರ್ ಲೆನ್ಸ್ ಸೇರಿ ನನಗೆ 46,500 ರೂಪಾಯಿ ತಗಲಿತು. ಮಳೆಗಾಲದಲ್ಲಿ ಲೆನ್ಸಿನೊಳಗೆ ಜೇಡರ ಬಲೆಯಂತೆ ಫಂಗಸ್ ಹರಡಿತು. ಶುಚಿಗೊಳಿಸಲು 3,800, ಕೊರಿಯರಿಗೆ 420 ಕೊಟ್ಟೆ. ಹಿಂದಿರುಗಿ ಬಂದಾಗ ಗಾಜಿನ ಅಂಚಿನಲ್ಲಿ ಗೀರು ಬಿದ್ದಿತ್ತು, ದುರಸ್ತಿಯವರು ಹೊಣೆ ಹೊರಲಿಲ್ಲ. ಈಗ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಮತ್ತು ತೇವಾಂಶ ಮಾಪಕ ಇಟ್ಟು ಕಾಪಾಡುತ್ತಿದ್ದೇನೆ. ಆದರೂ ಕೊಟ್ಟ ಹಣದ ಬಗ್ಗೆ ಬೇಸರವಿಲ್ಲ. ಆ ಲೆನ್ಸಿಗೆ ಜೂಮ್ ಇಲ್ಲ, ಹತ್ತಿರ ಹೋಗಲೇಬೇಕು. ಹತ್ತಿರ ಹೋದ ಮೇಲೆ ಮಾತನಾಡಿಸಲೇಬೇಕು. ಕೇರಳದ ಫೋರ್ಟ್ ಕೊಚ್ಚಿಯಲ್ಲಿ ಎಲ್ಲರೂ ದಡದಿಂದಲೇ ನೀರಿಗಿಳಿಸಿ ಎತ್ತುವ ದೊಡ್ಡ ಚೀನೀ ಮೀನುಬಲೆಗಳ ಹಿಂದಿನ ಸೂರ್ಯಾಸ್ತಕ್ಕೆ ಕಾಯುತ್ತಿದ್ದಾಗ, ಬಲೆಯ ಭಾರವನ್ನು ಸರಿದೂಗಿಸಲು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ಕಲ್ಲುಗಳನ್ನು ನಾನು ನೋಡುತ್ತಿದ್ದೆ. ಬಲೆ ಎತ್ತುವ ಹಿರಿಯರೊಬ್ಬರು ನನ್ನನ್ನು ಕರೆದು, ಹಗ್ಗವನ್ನು ನನ್ನ ಕೈಗೂ ಕೊಟ್ಟರು. ನಮ್ಮ ಬಂದರಿನ ಕೆಲಸವನ್ನು ಗಮನವಿಟ್ಟು ನೋಡಲು ಕಲಿತದ್ದು ಅಲ್ಲಿಂದ ಬಂದ ಮೇಲೆಯೇ.

ಕಾಪುವಿನ ನಿವೃತ್ತ ಅಧ್ಯಾಪಿಕೆ: ನನ್ನ ನೋಟ್‌ಬುಕ್ಕಿಗೆ 40 ರೂಪಾಯಿ, ಅದಕ್ಕೆ ಫಂಗಸ್ ಹಿಡಿದದ್ದಿಲ್ಲ. ರಾಜಸ್ಥಾನದ ಪ್ಯಾಕೇಜ್ ಪ್ರವಾಸಕ್ಕೆ ನಾನು 31,500 ಕಟ್ಟಿದ್ದೆ. ಜೈಸಲ್ಮೇರಿನ ಕೋಟೆ 1156ರಲ್ಲಿ ಸ್ಥಾಪನೆಯಾದದ್ದು. ಇಂದಿಗೂ ಅದರೊಳಗೆ ಸಂಸಾರಗಳು ವಾಸಿಸುತ್ತಿವೆ. ಅಂಥ ಸ್ಥಳಕ್ಕೆ ನಮ್ಮ ಮೇಲ್ವಿಚಾರಕರು ಕೊಟ್ಟದ್ದು ನಲವತ್ತು ನಿಮಿಷ, ಅಂಗಡಿಗೆ ಕೊಟ್ಟದ್ದು ಎರಡು ಗಂಟೆ. ನಾನು ಅಂಗಡಿಗೆ ಹೋಗದೆ, ಕೋಟೆಯೊಳಗಿನ ಒಂದು ಮನೆಯ ಹೊಸ್ತಿಲಲ್ಲಿ ಬೇಳೆ ಆರಿಸುತ್ತಿದ್ದ ಹೆಂಗಸಿನ ಪಕ್ಕದಲ್ಲಿ ಕುಳಿತು ಬೇಳೆ ಆರಿಸಿದೆ. ಆಕೆಯ ಭಾಷೆ ನನಗೆ ಬರುತ್ತಿರಲಿಲ್ಲ, ಕೈ ಮಾತ್ರ ಒಂದೇ ಕೆಲಸ ಮಾಡುತ್ತಿತ್ತು. ವೇಳಾಪಟ್ಟಿ ಪಾಲಿಸಲಿಲ್ಲವೆಂದು ಆ ಸಂಸ್ಥೆ ನನಗೆ ಬರಬೇಕಿದ್ದ 4,200 ರೂಪಾಯಿಯನ್ನು ಇಂದಿಗೂ ಹಿಂದಿರುಗಿಸಿಲ್ಲ. ಪತ್ರಗಳ ಪ್ರತಿಗಳು ನನ್ನಲ್ಲಿವೆ. ಅಂದು ರಾತ್ರಿ ಬರೆದ ಎರಡು ಪುಟಗಳು ಉಳಿದ ಇಡೀ ಪ್ರವಾಸಕ್ಕಿಂತ ಹೆಚ್ಚು. ಆಕೆಯ ಮುಖಕ್ಕೆ ಕ್ಯಾಮೆರಾ ಹಿಡಿದಿದ್ದರೆ ಜಾಗ ಕೊಡುತ್ತಿದ್ದಳೇ? ಮಲ್ಪೆಯಲ್ಲಿ ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಮೀನು ವಿಂಗಡಿಸುವ ಮಹಿಳೆಯರು ಫೋಟೋದವರನ್ನು ಕಂಡು ಮುಖ ತಿರುಗಿಸುವುದನ್ನು ನಾನೇ ನೋಡಿದ್ದೇನೆ.

ಬಂದರಿನ ಛಾಯಾಗ್ರಾಹಕ: ಟೀಚರೇ, ಕೇಳದೆ ನಾನು ಯಾರ ಫೋಟೋವನ್ನೂ ತೆಗೆದಿಲ್ಲ. ತೆಗೆದವರಿಗೆ ಪ್ರಿಂಟ್ ಹಾಕಿಸಿ ತಲುಪಿಸಿದ್ದೇನೆ; ಒಂದಕ್ಕೆ 15 ರೂಪಾಯಿಯಂತೆ ಎಲ್ಲವೂ ನನ್ನ ಕೈಯಿಂದಲೇ. ಯಾರೋ ಮಾಡಿದ ಅಸಭ್ಯತೆಯನ್ನು ನನ್ನ ತಲೆಗೆ ಕಟ್ಟಬೇಡಿ.

ಸುರತ್ಕಲ್ಲಿನ ರೈಲು ಪ್ರಯಾಣಿಕ: ಇಬ್ಬರ ವಾದವೂ ನನಗೆ ಒಪ್ಪಿಗೆಯಿಲ್ಲ. ಬೇಕಾದದ್ದು ತೆರೆದ ಕಿಟಕಿ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹಗಲು ರೈಲಿನಲ್ಲಿ ಸಾಮಾನ್ಯ ಬೋಗಿಯಲ್ಲಿ ಕುಳಿತುಕೊಳ್ಳಿ. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಐವತ್ತು ಮೀಟರ್ ಸಾಗಿದರೆ ಒಂದು ಮೀಟರ್ ಏರು, ಆದ್ದರಿಂದ ರೈಲು ತೆವಳುತ್ತದೆ. ಎಲ್ಲರೂ ಜಲಪಾತ ಕಂಡು ಕೂಗುತ್ತಾರೆ. ನಾನು ನೋಡುವುದು ಹಳಿ ಕಾಯುವವರನ್ನು. ಮಳೆಯಲ್ಲಿ ಕಲ್ಲು ಉರುಳಿದೆಯೇ ಎಂದು ನಡೆದೇ ಪರೀಕ್ಷಿಸುವ ಇವರು, ರೈಲು ಬಂದಾಗ ಬದಿಗೆ ಸರಿದು ನಿಲ್ಲುತ್ತಾರೆ. ಘಟ್ಟದ ನಡುವಿನ ಎಡಕುಮೇರಿ ನಿಲ್ದಾಣದಲ್ಲಿ ಅಂಥ ಒಬ್ಬರಿಗೆ ನನ್ನ ಪತ್ರಿಕೆಯನ್ನು ಕೊಟ್ಟೆ. ಅವರು ಮೊದಲು ತೆರೆದದ್ದು ಅದರ ಹವಾಮಾನದ ಪುಟವನ್ನು. 2021ರ ಜುಲೈಯಲ್ಲಿ ಆರಂಭವಾದ ವಿಸ್ಟಾಡೋಮ್ ಬೋಗಿಯ ದೊಡ್ಡ ಕಿಟಕಿ, ಚಾವಣಿಯ ಗಾಜಿನೊಳಗೆ ಕುಳಿತವರಿಗೆ ಇದು ದಕ್ಕದು.

ಬಿಜೈಯಿಂದ ಒಬ್ಬ ಗೃಹಿಣಿ: ಅಣ್ಣಾ, ಯಾರಿಗೆ ಏನು ದಕ್ಕುತ್ತದೆಂದು ನೀವು ಹೇಗೆ ನಿರ್ಧರಿಸುತ್ತೀರಿ? ನನ್ನ ಪತಿಗೆ ಬೆನ್ನಿನ ಶಸ್ತ್ರಚಿಕಿತ್ಸೆಯಾಗಿದೆ, ಮರದ ಹಲಗೆಯ ಮೇಲೆ ಅವರು ಕೂರಲಾರರು. ವಿಸ್ಟಾಡೋಮಿನ ತಿರುಗುವ ಆಸನದಲ್ಲಿ ಕುಳಿತು, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಬಾರಿಗೆ ಅವರು ತಾವಾಗಿಯೇ ಮಾತು ತೆಗೆದರು. ದುಬಾರಿ ಟಿಕೆಟ್ ಎಂದು ಮನೆಯಲ್ಲಿ ಜಗಳವಾಗಿತ್ತು. ಮತ್ತೆ ಕೇಳಿದರೆ ಮತ್ತೆ ಕೊಡುತ್ತೇನೆ.

ಸುರತ್ಕಲ್ಲಿನ ರೈಲು ಪ್ರಯಾಣಿಕ: ನಿಮ್ಮ ಮನೆಯ ಸ್ಥಿತಿ ನನಗೆ ತಿಳಿದಿರಲಿಲ್ಲ, ಅಕ್ಕ. ಆದರೆ ಗಾಜಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗದು.

ಜೆಪ್ಪುವಿನಿಂದ: ಇಷ್ಟು ಮಾತಿನ ನಡುವೆ ಅಮ್ಮನ ವಿಷಯ ಯಾರೂ ಎತ್ತಲಿಲ್ಲ. ನನ್ನ ತಂದೆ ಇಲ್ಲಿಯ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಅವರನ್ನು ಕರೆದುಕೊಂಡು ಹೋದಾಗ ಹಂಪಿಯಲ್ಲಿ ದಿನಕ್ಕೆ 1,200ಕ್ಕೆ ಗೊತ್ತುಮಾಡಿದ್ದ ಆಟೋದವರು ಅವಸರಪಡಿಸಿದಾಗ, 300 ಹೆಚ್ಚು ಕೊಟ್ಟು ನಿಲ್ಲಿಸಿದೆ. ವಿರೂಪಾಕ್ಷ ದೇವಾಲಯದಲ್ಲಿ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ಎಲ್ಲರಂತೆ ತಂದೆಯೂ ನೋಡಿದರು, ಹೆಚ್ಚೇನೂ ಹೇಳಲಿಲ್ಲ. ಗಾರೆ ಉದುರಿದ ಇನ್ನೊಂದು ಗೋಪುರದ ಮೇಲ್ಭಾಗದಲ್ಲಿ ಇಟ್ಟಿಗೆ ಕಂಡಾಗ ಮಾತ್ರ ಅಲ್ಲಿಂದ ಕದಲಲಿಲ್ಲ. ಮಣ್ಣು ಎಷ್ಟು ಹದವಾಗಿರಬೇಕು, ಬೆಂಕಿ ಎಲ್ಲಿ ತಪ್ಪಿದರೆ ಬಣ್ಣ ಹೇಗೆ ಕೆಡುತ್ತದೆ ಎಂದು ಆಟೋದವರಿಗೂ ಕೂರಿಸಿ ವಿವರಿಸಿದರು. ಮನೆಯಲ್ಲಿ ಎಂದೂ ಹೇಳದ ಕುಲುಮೆಯ ಕಥೆಗಳನ್ನು ನಾನು ಕೇಳಿದ್ದು ಅಂದೇ. ನಿಮ್ಮ ಅಮ್ಮ ಜೀವನದಲ್ಲಿ ಯಾವ ಕೆಲಸ ಮಾಡಿದವರೆಂದು ತಿಳಿಸಿ, ಹಂಪಿಯಲ್ಲಿ ಎಲ್ಲಿ ಹೆಚ್ಚು ಹೊತ್ತು ನಿಲ್ಲಬೇಕೆಂದು ಹೇಳುತ್ತೇನೆ.