ಆರು ಎಕರೆ ಖುಷ್ಕಿ ಜಮೀನನ್ನು ಸೌರ ಘಟಕಕ್ಕೆ ಗುತ್ತಿಗೆ ಕೊಡಬಹುದೇ?

ಪ್ರಶ್ನೆ: ಗುಡಿಬಂಡೆ ತಾಲ್ಲೂಕಿನ ರೈತ

ಮಾನ್ಯರೇ, ನಮ್ಮ ಕುಟುಂಬಕ್ಕೆ ಆರು ಎಕರೆ ಖುಷ್ಕಿ ಜಮೀನಿದೆ. ಮಳೆ ಹದವಾಗಿ ಬಿದ್ದ ವರ್ಷ ರಾಗಿ, ಕಡಲೆಕಾಯಿ ಬೆಳೆಯುತ್ತೇವೆ. ಇಲ್ಲವಾದರೆ ಹುರುಳಿ ಚೆಲ್ಲಿ ಸುಮ್ಮನಾಗುತ್ತೇವೆ. ಇದ್ದ ಎರಡು ಕೊಳವೆಬಾವಿಗಳೂ ಬತ್ತಿವೆ. ಎರಡು ತಿಂಗಳಿಂದ ಮಧ್ಯವರ್ತಿಯೊಬ್ಬರು ಮನೆಗೆ ಬಂದು, ಸೌರ ವಿದ್ಯುತ್ ಘಟಕಕ್ಕೆ ಈ ಜಮೀನನ್ನು 28 ವರ್ಷಗಳ ಗುತ್ತಿಗೆಗೆ ಕೊಡಿ ಎಂದು ತಂದೆಯವರನ್ನು ಒತ್ತಾಯಿಸುತ್ತಿದ್ದಾರೆ. 2030ರೊಳಗೆ ಕಲ್ಲಿದ್ದಲು, ತೈಲ, ಅನಿಲಗಳಲ್ಲದ ಮೂಲಗಳಿಂದ 500 ಗಿಗಾವಾಟ್ ವಿದ್ಯುತ್ ಉತ್ಪಾದನಾ ಸಾಮರ್ಥ್ಯ ಕಟ್ಟುವುದಾಗಿ ನಮ್ಮ ದೇಶ 2021ರ ಗ್ಲಾಸ್ಗೋ ಹವಾಮಾನ ಸಮಾವೇಶದಲ್ಲಿ ಘೋಷಿಸಿತು. ಕಲ್ಲಿದ್ದಲನ್ನು ಬಿಡಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದಕ್ಕೆ ಬೇಕಾದ ನೆಲ ನಮ್ಮಂಥ ಬರದ ಸೀಮೆಯಿಂದ ಹೋಗುವಾಗ, ಕರಾರಿನಲ್ಲಿ ನಾವು ಏನೇನನ್ನು ಕೇಳಬೇಕು? ದೊಡ್ಡ ಸೌರ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟಿರುವ ಪಾವಗಡದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಪಾವಗಡ ತಾಲ್ಲೂಕಿನಿಂದ

ನಮ್ಮ ಜಮೀನು ಸೌರ ಪಾರ್ಕಿನೊಳಗಿದೆ. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ ಈ ಪಾರ್ಕಿನ ಮೊದಲ ಹಂತ 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. 2019ರ ಕೊನೆಯ ಹೊತ್ತಿಗೆ ಸಾಮರ್ಥ್ಯ 2,050 ಮೆಗಾವಾಟ್ ಮುಟ್ಟಿತು. ಇಲ್ಲಿ ನಡೆದ ಒಳ್ಳೆಯ ಕೆಲಸವೆಂದರೆ ರೈತರಿಂದ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದದ್ದು. ಪಹಣಿಯಲ್ಲಿ ಇಂದಿಗೂ ನಮ್ಮ ಹೆಸರಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂದು ನಿಗದಿಯಾದಾಗ, ಕಡಲೆಕಾಯಿ ಹಾಕಿ ಬಿತ್ತನೆಬೀಜದ ಹಣವೂ ಹುಟ್ಟದಿದ್ದ ನಮಗೆ ಅದು ದೊಡ್ಡ ಮೊತ್ತವೇ ಆಗಿತ್ತು. ಆ ಹಣದಲ್ಲಿ ಸಾಲ ತೀರಿತು, ತಂಗಿಯ ಓದು ಮುಗಿಯಿತು. ಇದನ್ನು ನಾನು ಮರೆಯಲಾರೆ.

ಆದರೆ ಒಂದು ಲೆಕ್ಕವನ್ನು ನಾವು ಸಹಿ ಹಾಕುವಾಗ ಮಾಡಲಿಲ್ಲ. ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಹೆಚ್ಚಳ ಎಂಬ ಮಾತು ಕೇಳಲು ಇಂಪಾಗಿತ್ತು. ಹಾಗೆ ಏರುತ್ತಾ ಹೋದರೆ 28ನೆಯ ವರ್ಷಕ್ಕೆ ಎಕರೆಗೆ ಸಿಗುವುದು ಸುಮಾರು 39,600 ರೂಪಾಯಿ, ಅಂದರೆ ಇಡೀ ಅವಧಿಯಲ್ಲಿ ಬಾಡಿಗೆ ಎರಡು ಪಟ್ಟೂ ಆಗುವುದಿಲ್ಲ. ಅಷ್ಟರಲ್ಲಿ ಬೇಳೆ, ಎಣ್ಣೆ, ಆಸ್ಪತ್ರೆಯ ಖರ್ಚು ಎಲ್ಲಿಗೆ ಮುಟ್ಟಿರುತ್ತದೆಂದು ನೀವೇ ಊಹಿಸಿ. ಆದ್ದರಿಂದ ಹೆಚ್ಚಳ ಪ್ರತಿ ವರ್ಷವೂ ಆಗಬೇಕು, ಬೆಲೆಯೇರಿಕೆಗೆ ತಕ್ಕಂತಿರಬೇಕು ಎಂದು ಪಟ್ಟು ಹಿಡಿಯಿರಿ.

ಇನ್ನೊಂದು ಮಾತು. ನಮ್ಮ ಜಮೀನು ಬಹಳ ಕಾಲ ತಾತನವರ ಹೆಸರಿನಲ್ಲೇ ಇತ್ತು. ಪೌತಿ ಖಾತೆ ಮಾಡಿಸುವಷ್ಟರಲ್ಲಿ ದೊಡ್ಡಪ್ಪನವರ ಮಕ್ಕಳಿಗೂ ನಮಗೂ ಮಾತು ನಿಂತಿತು. ನೀವು ಮೊದಲು ಖಾತೆ ಸರಿಮಾಡಿಕೊಳ್ಳಿ, ಅಳತೆ ಮಾಡಿಸಿ ನಕ್ಷೆಯನ್ನು ಕೈಯಲ್ಲಿಟ್ಟುಕೊಳ್ಳಿ. ಕಂಬ, ಫಲಕಗಳನ್ನು ನಿಲ್ಲಿಸಲು ನೆಲವನ್ನು ಮಟ್ಟ ಮಾಡುವಾಗ ನಮ್ಮ ಬದುಗಳು ಅಳಿಸಿಹೋದವು. ನಾಳೆ ನನ್ನ ಮಗನಿಗೆ ನಮ್ಮ ಹೊಲ ಯಾವುದೆಂದು ತೋರಿಸಲು ನಕ್ಷೆಯ ಹೊರತು ಬೇರೇನೂ ಉಳಿದಿಲ್ಲ. ಅವಧಿ ಮುಗಿದ ಮೇಲೆ ಕಾಂಕ್ರೀಟನ್ನು ಕಿತ್ತು ನೆಲವನ್ನು ಉಳುಮೆಗೆ ಬರುವಂತೆ ಮಾಡಿಕೊಡುವ ಹೊಣೆ ಯಾರದೆಂಬುದೂ ಕರಾರಿನಲ್ಲಿ ಬರೆದಿರಬೇಕು.

ಉತ್ತರ 2: ಅದೇ ತಾಲ್ಲೂಕಿನ ಇನ್ನೊಬ್ಬರು

ಮೇಲಿನವರು ಜಮೀನಿದ್ದವರ ಅನುಭವ ಹೇಳಿದ್ದಾರೆ, ನಮಗೆ ಜಮೀನಿರಲಿಲ್ಲ. ನಮ್ಮ ತಾಯಿ ಕಡಲೆಕಾಯಿ ಕೀಳುವ, ಬಿಡಿಸುವ ಕೂಲಿಗೆ ಹೋಗುತ್ತಿದ್ದರು. ತಂದೆ ಬೀಳು ಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದರು. ಬೇಲಿ ಬಂದ ವರ್ಷವೇ ಎರಡೂ ನಿಂತವು, ಕುರಿಗಳನ್ನು ಮಾರಿದೆವು. ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಹುಲ್ಲು ಕೊಯ್ಯುವ, ಫಲಕ ತೊಳೆಯುವ, ಕಾವಲು ಕಾಯುವ ಕೆಲಸ ಕೆಲವರಿಗೆ ಗುತ್ತಿಗೆದಾರರ ಮೂಲಕ ಸಿಕ್ಕಿದೆ, ಆದರೆ ಹೋದ ಕೂಲಿಗೆ ಅದು ಸಮವಲ್ಲ. ಹಲವು ದೇಶಗಳಲ್ಲಿ ಫಲಕಗಳ ಕೆಳಗೆ ಕುರಿಗಳನ್ನೇ ಬಿಟ್ಟು ಹುಲ್ಲು ಮೇಯಿಸುತ್ತಾರೆ. ನಿಮ್ಮ ಊರಿನ ಕುರಿಗಾಹಿಗಳಿಗೆ ಆ ಹಕ್ಕನ್ನು ದಯವಿಟ್ಟು ಮೊದಲೇ ಕೇಳಿ ಬರೆಸಿ.

ಉತ್ತರ 3: ಕೋಲಾರದ ನಿವೃತ್ತ ಎಂಜಿನಿಯರ್

ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ನಮ್ಮ ಚಿನ್ನದ ಗಣಿಗೆ ಬಂತು; ಸುತ್ತಲ ಹಳ್ಳಿಗಳು ಮಾತ್ರ ದಶಕಗಳ ಕಾಲ ಬುಡ್ಡಿದೀಪದಲ್ಲೇ ಉಳಿದವು. ವಿದ್ಯುತ್ತು ಎಲ್ಲಿ ಹುಟ್ಟುತ್ತದೆ ಎಂಬುದರಷ್ಟೇ ಅದು ಯಾರಿಗೆ ಮುಟ್ಟುತ್ತದೆ ಎಂಬುದನ್ನೂ ಕೇಳಬೇಕೆನ್ನುವುದು ಈ ಕಾರಣಕ್ಕೆ.

ದೇಶದ ಲೆಕ್ಕವನ್ನೂ ಬಿಡಿಸಿ ನೋಡಬೇಕು. 2025ರ ಮಧ್ಯದ ಹೊತ್ತಿಗೆ ಸ್ಥಾಪಿತ ಸಾಮರ್ಥ್ಯದ ಅರ್ಧದಷ್ಟು ಜಲ, ಪರಮಾಣು, ಸೌರ, ಪವನ ಮುಂತಾದ ಮೂಲಗಳದ್ದಾಯಿತು. ಇದು ಹೆಮ್ಮೆಯ ಸಂಗತಿಯೇ. ಆದರೆ ನಿಜವಾಗಿ ಉತ್ಪಾದನೆಯಾಗುವ ಯೂನಿಟ್‌ಗಳಲ್ಲಿ ಬಹುಪಾಲು ಇನ್ನೂ ಕಲ್ಲಿದ್ದಲಿನದೇ, ಏಕೆಂದರೆ ಸೌರ ಘಟಕವು ರಾತ್ರಿ ಏನನ್ನೂ ಕೊಡದು. ಇಪ್ಪತ್ನಾಲ್ಕು ಗಂಟೆಗೆ ಹಂಚಿದರೆ ಸರಾಸರಿ ಉತ್ಪಾದನೆ ಸಾಮರ್ಥ್ಯದ ಕಾಲು ಭಾಗದ ಆಸುಪಾಸಿನಲ್ಲೋ ಅದಕ್ಕಿಂತ ಕೆಳಗೋ ನಿಲ್ಲುತ್ತದೆ. ಸಂಜೆ ಮನೆಮನೆಯಲ್ಲಿ ದೀಪ ಹತ್ತುವ ಹೊತ್ತಿಗೆ ಬೇಡಿಕೆ ಏರುತ್ತದೆ, ಸೂರ್ಯ ಇಳಿದಿರುತ್ತಾನೆ. ಬ್ಯಾಟರಿ, ಪಂಪ್ಡ್ ಸ್ಟೋರೇಜ್‌ಗಳ (ನೀರನ್ನು ಎತ್ತರಕ್ಕೆ ಪಂಪ್ ಮಾಡಿಟ್ಟು, ಬೇಕಾದಾಗ ಕೆಳಗೆ ಹರಿಸಿ ವಿದ್ಯುತ್ ಪಡೆಯುವ ವ್ಯವಸ್ಥೆ) ಮಾತು ಹುಟ್ಟುವುದು ಅಲ್ಲಿಂದ.

ಹಗಲೇ ಬೇಕಾದ, ಹಗಲೇ ಸಾಕಾಗುವ ಕೆಲಸವೊಂದು ನಮ್ಮ ಜಿಲ್ಲೆಗಳಲ್ಲಿದೆ: ಪಂಪ್‌ಸೆಟ್. ರಾತ್ರಿ ಮೂರು ಫೇಸ್ ಕೊಟ್ಟಾಗ ಹಾವು, ಕರಡಿ, ಚಿರತೆಗಳ ಭಯದಲ್ಲಿ ರೈತರು ಮೋಟಾರು ಹಾಕಲು ಹೋಗುವುದನ್ನು ನನ್ನ ಸೇವಾವಧಿಯುದ್ದಕ್ಕೂ ಸಂಕಟದಿಂದ ನೋಡಿದ್ದೇನೆ. ಸಬ್‌ಸ್ಟೇಷನ್ ಪಕ್ಕದ ಸಣ್ಣ ಘಟಕಗಳಿಂದ ಕೃಷಿ ಫೀಡರ್‌ಗಳಿಗೆ, ಅಂದರೆ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಒಯ್ಯುವ ಮಾರ್ಗಗಳಿಗೆ, ಹಗಲಿನಲ್ಲೇ ವಿದ್ಯುತ್ ಕೊಡುವ ಕೇಂದ್ರ ಸರ್ಕಾರದ ಕುಸುಮ್ ಯೋಜನೆಯ ‘ಸಿ’ ಭಾಗವನ್ನು ನಾನು ಮನಸಾರೆ ಬೆಂಬಲಿಸುವುದು ಇದಕ್ಕಾಗಿ. ಅದೇ ಯೋಜನೆಯ ‘ಎ’ ಭಾಗದಡಿ ಬೀಳುಬಿದ್ದ ಜಮೀನಿನಲ್ಲಿ ರೈತರೂ, ರೈತರ ಸಂಘಗಳೂ 500 ಕಿಲೋವಾಟ್‌ನಿಂದ 2 ಮೆಗಾವಾಟ್‌ವರೆಗಿನ ಘಟಕವನ್ನು ಸ್ವತಃ ಹಾಕಲು ಅವಕಾಶ ಮಾಡಲಾಗಿದೆ. ಒಂದು ಮೆಗಾವಾಟ್‌ಗೆ ನಾಲ್ಕೈದು ಎಕರೆ ಬೇಕು. ನಿಮ್ಮ ಜಮೀನು ಸಬ್‌ಸ್ಟೇಷನ್ನಿಗೆ ಐದು ಕಿಲೋಮೀಟರ್ ಒಳಗಿದೆಯೇ ಎಂಬುದನ್ನು ಸಹಿಗೆ ಮೊದಲು ವಿಚಾರಿಸಿ. ಬಂಡವಾಳ ಕೋಟಿಗಳಲ್ಲಿ ಬೇಕಾಗುವುದರಿಂದ ಒಬ್ಬರಿಂದ ಆಗದು. ನೆರೆಯ ಹಿಡುವಳಿದಾರರು ಒಟ್ಟಾಗಿ ಬ್ಯಾಂಕಿನಲ್ಲಿ ಮಾತನಾಡಬೇಕು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಸಬ್‌ಸ್ಟೇಷನ್ ನಮ್ಮ ಹೊಲದಿಂದ ಮೂರು ಕಿಲೋಮೀಟರ್ ದೂರದಲ್ಲಿದೆ. ಕರಾರಿನ ಕರಡನ್ನು ಕನ್ನಡದಲ್ಲಿ ಕೊಡುವವರೆಗೂ ಸಹಿ ಹಾಕುವುದಿಲ್ಲವೆಂದು ತಂದೆಯವರು ಮಧ್ಯವರ್ತಿಗೆ ನಿನ್ನೆ ತಿಳಿಸಿದ್ದಾರೆ. ಭಾನುವಾರ ಪಕ್ಕದ ಹೊಲದವರನ್ನೂ, ಊರಿನ ಕುರಿಗಾಹಿಗಳನ್ನೂ ಕರೆದಿದ್ದೇವೆ.